ಪಾರ್ಕಿನ್ಸನ್ ಇರುವವರ ಹೊಟ್ಟೆ ಸಮಸ್ಯೆ: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಪ್ರಶ್ನೆ: ಅಪ್ಪನಿಗೆ 68. ಪಾರ್ಕಿನ್ಸನ್ ಅಂತ ಗೊತ್ತಾಗಿ ಎರಡು ವರ್ಷ. ಕೈ ನಡುಕಕ್ಕಿಂತ ಹೊಟ್ಟೆಯದೇ ಕಷ್ಟ ಜಾಸ್ತಿ. ಮೋಷನ್ ನಾಲ್ಕು ದಿನಕ್ಕೊಮ್ಮೆ, ನಾಲ್ಕು ತುತ್ತಿಗೇ ಹೊಟ್ಟೆ ಭಾರ. ಮಾತ್ರೆಯೂ ಕೆಲವು ದಿನ ಕೆಲಸ ಮಾಡುವುದಿಲ್ಲ. ಇವಕ್ಕೆಲ್ಲ ಒಂದಕ್ಕೊಂದು ಸಂಬಂಧ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಖಂಡಿತ ಇದೆ. ನಮ್ಮ ಅಮ್ಮನಿಗೆ ಏಳು ವರ್ಷದಿಂದ ಪಾರ್ಕಿನ್ಸನ್. ಕರುಳಿನ ಗೋಡೆಯೊಳಗೆ ಅದರದ್ದೇ ಒಂದು ನರಗಳ ಬಲೆ ಇರುತ್ತದೆ, ತಿಂದದ್ದನ್ನು ಮುಂದಕ್ಕೆ ತಳ್ಳಿಸುವುದು ಅದೇ. ಮೆದುಳಿನಲ್ಲಿ ಗಂಟು ಕಟ್ಟುವ ಆಲ್ಫಾ ಸಿನ್ಯೂಕ್ಲೀನ್ ಅನ್ನುವ ಪ್ರೋಟೀನ್ ಈ ನರಗಳಲ್ಲೂ ಸೇರಿಕೊಳ್ಳುತ್ತದೆ. ಕರುಳು ನಿಧಾನವಾಗುತ್ತದೆ. ಅಮ್ಮನಿಗೆ ಕೈ ನಡುಗಲು ಶುರುವಾಗುವ ಎಷ್ಟೋ ವರ್ಷ ಮೊದಲೇ ಮಲಬದ್ಧತೆ ಇತ್ತು, ನೀರು ಕುಡಿಯುವುದಿಲ್ಲ ಅಂತ ನಾನು ಬೈಯುತ್ತಿದ್ದೆ, ಈಗ ನೆನೆದರೆ ಸಂಕಟವಾಗುತ್ತದೆ. ಕೆಲವರಲ್ಲಿ ರೋಗ ಕರುಳಿನಲ್ಲೇ ಹುಟ್ಟಿ ಹೊಟ್ಟೆಯನ್ನೂ ಮೆದುಳನ್ನೂ ಜೋಡಿಸುವ ವೇಗಸ್ ನರದ ಮೂಲಕ ಮೆದುಳಿಗೆ ಹತ್ತಬಹುದು ಅಂತ ಜರ್ಮನಿಯ ವಿಜ್ಞಾನಿ ಹೈಕೊ ಬ್ರಾಕ್ 2003ರಲ್ಲೇ ಹೇಳಿದ್ದರು. ಎಲ್ಲರಿಗೂ ಹಾಗೇ ಅಂತ ಇನ್ನೂ ಸಾಬೀತಾಗಿಲ್ಲ.

ಮಾತ್ರೆ ವಿಷಯ. ಪಾರ್ಕಿನ್ಸನ್‌ಗೆ ಮುಖ್ಯವಾಗಿ ಕೊಡುವ ಲೆವೊಡೋಪಾ ಮಾತ್ರೆ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಜಠರ ಖಾಲಿಯಾಗದೆ ಹೋದರೆ ಮಾತ್ರೆ ಅಲ್ಲೇ ಕೂತಿರುತ್ತದೆ. ಅದೂ ಸಾಲದು ಅಂತ ಹಾಲು, ಮೊಸರು, ಬೇಳೆಯ ಪ್ರೋಟೀನ್ ಅದರ ದಾರಿಗೆ ಅಡ್ಡ ಬರುತ್ತದೆ. ಅಮ್ಮ ದಿನಾ ಬೆಳಿಗ್ಗೆ ದೊಡ್ಡ ಲೋಟ ಹಾಲಿನ ಜೊತೆಗೇ ಮಾತ್ರೆ ನುಂಗುತ್ತಿದ್ದರು! ಡಾಕ್ಟರನ್ನು ಕೇಳಿ, ತಿಂಡಿಗೆ ಅರ್ಧ ಗಂಟೆ ಮೊದಲು ಬರೀ ನೀರಿನಲ್ಲಿ ಕೊಡಲು ಶುರು ಮಾಡಿದೆವು. ಮೂರನೇ ದಿನ ಅಡುಗೆಮನೆಗೆ ಬಂದು ತಾವೇ ಸೌತೆಕಾಯಿ ಹೆಚ್ಚಿದರು. ಹೋಳುಗಳು ಒಂದೇ ಸಮ ಇರಲಿಲ್ಲ, ಆದರೂ ನನಗೆ ಕಣ್ಣು ತುಂಬಿತು.

ಇನ್ನೊಬ್ಬರು: ನಮ್ಮ ಮಾವನವರಿಗೆ ಇಸಬ್ಗೋಲ್ ಕೊಟ್ಟು ನೀರು ಸರಿಯಾಗಿ ಕೊಡಲಿಲ್ಲ, ಇನ್ನೂ ಗಟ್ಟಿಯಾಯಿತು. ಆಮೇಲೆ ಡಾಕ್ಟರ್ ಮಲ ಮೆತ್ತಗೆ ಮಾಡುವ ಮ್ಯಾಕ್ರೋಗಾಲ್ ಪುಡಿ ಬರೆದರು, ಅದು ಒಗ್ಗಿತು. ಕಾಲ ಕೆಳಗೆ ಚಿಕ್ಕ ಮಣೆ ಇಟ್ಟುಕೊಂಡು ಕಮೋಡ್ ಮೇಲೆ ಕೂತರೆ ಸಲೀಸು. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೊಟ್ಟಿದ್ದಾರಾ ನೋಡಿ, ಅದರಿಂದಲೂ ಹೊಟ್ಟೆ ಕಟ್ಟುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಮತ್ತೊಬ್ಬರು: ವಾಕರಿಕೆಗೆ ಮೆಟೊಕ್ಲೊಪ್ರಮೈಡ್ ಮಾತ್ರ ಬೇಡ, ನಡುಕ, ಬಿಗಿತ ಜಾಸ್ತಿಯಾಗುತ್ತದೆ. ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ಪಾರ್ಕಿನ್ಸನ್ ಇದೆ ಅಂತ ಮೊದಲೇ ಹೇಳಿ. ಹೊಟ್ಟೆ ಉಬ್ಬಿ ನೋವು, ವಾಂತಿ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.