ಕ್ಯಾನ್ಸರ್ ಸರ್ಜನ್ ಆಗಿ ಅಕಾಡೆಮಿಕ್ ಲೈನಲ್ಲೇ ಉಳ್ಕೊಂಡ್ರೆ ಕೈ ಜಡ್ಡುಗಟ್ಟತ್ತಾ?

ಮಧ್ಯರಾತ್ರಿ_ರೌಂಡ್ಸ್:
ಎಲ್ರಿಗೂ ನಮಸ್ಕಾರ. ಜನರಲ್ ಸರ್ಜರಿ ಟ್ರೈನಿಂಗ್ ಮುಗಿಯೋಕೆ ಬಂತು, ಮುಂದಕ್ಕೆ ಸರ್ಜಿಕಲ್ ಆಂಕಾಲಜಿ ಅನ್ನೋದು ಪಕ್ಕಾ, ಅದ್ರಲ್ಲಿ ಡೌಟೇ ಇಲ್ಲ. ಡೌಟ್ ಇರೋದು ಅದಾದ್ಮೇಲೆ ಏನು ಅನ್ನೋದ್ರಲ್ಲಿ. ನಮ್ ಯೂನಿಟ್ ಪ್ರೊಫೆಸರ್ "ಟೀಚಿಂಗ್ ಆಸ್ಪತ್ರೇಲೇ ಉಳ್ಕೋ, ಟ್ರಯಲ್ ಮಾಡು, ಬರಿ" ಅಂತಾರೆ (ಟ್ರಯಲ್ ಅಂದ್ರೆ ಪೇಷೆಂಟ್‌ಗಳನ್ನ ಗುಂಪು ಮಾಡಿ ಎರಡು ಚಿಕಿತ್ಸೆ ಹೋಲಿಸಿ ನೋಡೋ ಅಧ್ಯಯನ). ಅವ್ರ ಹತ್ರಾನೇ ಕಲ್ತು ಹೊರಗಡೆ ಹೋಗಿರೋ ಸೀನಿಯರ್ ಒಬ್ರು "ಪೇಪರ್ ಬರ್ಕೊಂಡು ಕೂತ್ರೆ ಕೈ ಜಡ್ಡುಗಟ್ಟತ್ತೆ, ದಿನಾ ಕೊಯ್ಯೋನೇ ಸರ್ಜನ್" ಅಂತ ನಗ್ತಾರೆ. ನಂಗೂ ಪ್ರೊಫೆಸರ್ ವಾರ ನೋಡಿದ್ರೆ ಭಯ ಆಗತ್ತೆ, ಎರಡು ದಿನ ಓಟಿ (ಆಪರೇಷನ್ ಥಿಯೇಟರ್), ಒಂದು ದಿನ ಓಪಿಡಿ, ಎಲ್ಲಾ ವಿಭಾಗದವ್ರು ಕೂತು ಕೇಸ್ ಚರ್ಚೆ ಮಾಡೋ ಟ್ಯೂಮರ್ ಬೋರ್ಡ್ ಒಂದು, ಮಿಕ್ಕಿದ್ದೆಲ್ಲ ಕ್ಲಾಸು, ಎಥಿಕ್ಸ್ ಕಮಿಟಿ, ಯಾರದೋ ಥೀಸಿಸ್ ತಿದ್ದೋದು, ಓಟಿ ದಿನಾನೂ ಅವ್ರು ಟೇಬಲ್ಲಿನ ಆ ಕಡೆ ನಿಂತ್ಕೊಂಡು ನಮ್ ಕೈಲೇ ಮಾಡಿಸ್ತಾರೆ. ಇನ್ನೊಂದು ಪೆದ್ದು ಪ್ರಶ್ನೆ, ಬೈಬೇಡಿ: ಕ್ಯಾನ್ಸರ್ ರಿಸರ್ಚ್ ಅಂದ್ರೆ ಔಷಧಿ, ಜೀನ್ ಅಂತ ಬೇರೆಯವ್ರು ಮಾಡೋದು, ಇದ್ರಲ್ಲಿ ಸರ್ಜನ್‌ಗೆ ಕಂಡುಹಿಡಿಯೋಕೆ ಉಳಿದಿರೋದಾದ್ರೂ ಏನು? ಲ್ಯಾಬಲ್ಲಿ ಪಿಎಚ್‌ಡಿ ಮಾಡ್ಲೇಬೇಕಾ?

ಹಳೇ_ರಿಟ್ರಾಕ್ಟರ್:
ಡಾಕ್ಟ್ರೇ, ಕೊನೇ ಪ್ರಶ್ನೆಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಅದು ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ. ಎಷ್ಟು ತೆಗೀಬೇಕು, ಎಷ್ಟು ಬಿಡ್ಬೇಕು ಅನ್ನೋದನ್ನ ಔಷಧಿ ಕೊಡೋವ್ರು ಬಂದು ನಿಮ್ಗೆ ಹೇಳಲ್ಲ. ಅದನ್ನ ಕೊಯ್ಯೋರೇ ಕೇಳ್ಬೇಕು, ಕೊಯ್ಯೋರೇ ಪರೀಕ್ಷೆ ಮಾಡ್ಬೇಕು. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 1894ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ತಮ್ಮ ಕೇಸ್‌ಗಳನ್ನ ಪ್ರಕಟ ಮಾಡಿದ್ರು, ಸ್ತನ, ಅದರಡಿಯ ಎದೆ ಸ್ನಾಯು, ಕಂಕುಳ ನೋಡ್‌ಗಳು (ದುಗ್ಧ ಗ್ರಂಥಿಗಳು) ಎಲ್ಲಾ ಒಟ್ಟಿಗೆ ತೆಗೆಯೋ ಆಪರೇಷನ್. ಆಮೇಲೆ ಮುಕ್ಕಾಲು ಶತಮಾನ ಅದೇ ನಡೀತು. ದೊಡ್ಡ ಮನುಷ್ಯ, ನಾವೀಗ ಬೈಕೊಂಡು ಮಾಡೋ ರೆಸಿಡೆನ್ಸಿ ಪದ್ಧತೀನೂ ಅವ್ರದೇ ಕೊಡುಗೆ, ಅಂಥವ್ರು ಹೇಳಿದ್ಮೇಲೆ ಯಾರು ಕೇಳ್ತಾರೆ.

ಕೇಳಿದ್ದು ಇನ್ನೊಬ್ಬ ಸರ್ಜನ್, ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಷರ್. 1971ರಲ್ಲಿ ಬಿ-04 ಅನ್ನೋ ಟ್ರಯಲ್ ಶುರು ಮಾಡಿ ಹಾಲ್‌ಸ್ಟೆಡ್ ಆಪರೇಷನ್‌ಗೂ ಸ್ನಾಯು ಬಿಟ್ಟು ಬರೀ ಸ್ತನ ತೆಗೆಯೋದಕ್ಕೂ ಬದುಕೋದ್ರಲ್ಲಿ ವ್ಯತ್ಯಾಸ ಇಲ್ಲ ಅಂತ ತೋರಿಸಿದ್ರು. 1976ರಲ್ಲಿ ಬಿ-06, ಈ ಸಲ ಗಂಟು ಮಾತ್ರ ತೆಗೆದ್ರೆ ಸಾಲಲ್ವಾ ಅಂತ. 20 ವರ್ಷದ ಫಲಿತಾಂಶ ಬಂದಿದ್ದು 2002ರಲ್ಲಿ: ಪೂರ್ತಿ ತೆಗೆದ್ರೂ ಗಂಟಷ್ಟೇ ತೆಗೆದ್ರೂ ಆಯಸ್ಸಲ್ಲಿ ವ್ಯತ್ಯಾಸ ಇಲ್ಲ, ಆದ್ರೆ ಗಂಟು ತೆಗೆದು ರೇಡಿಯೇಷನ್ ಕೊಟ್ಟವ್ರಲ್ಲಿ ಅದೇ ಸ್ತನದಲ್ಲಿ ಮತ್ತೆ ಬಂದಿದ್ದು 14.3%, ಕೊಡದೇ ಇದ್ದವ್ರಲ್ಲಿ 39.2%. ಮಿಲಾನ್‌ನಲ್ಲಿ ವೆರೊನೇಸಿ 1973ರಿಂದ ಇದೇ ಥರ ಪ್ರಶ್ನೆ ಹಿಡ್ಕೊಂಡು ಕೂತಿದ್ರು, ಅವ್ರ 20 ವರ್ಷದ ಲೆಕ್ಕಾನೂ ಅದೇ 2002ರಲ್ಲೇ ಬಂತು. ಫಿಷರ್ ಹುಟ್ಟಿದ್ದು 1918ರಲ್ಲಿ, ಲೆಕ್ಕ ಹಾಕ್ಕೊಳಿ ಆ ಹೊತ್ತಿಗೆ ವಯಸ್ಸೆಷ್ಟು ಅಂತ. ಈ ಕೆಲಸದ ಅಳತೆ ಇದು. ಇವತ್ತು ಹಾಕಿದ ಹೊಲಿಗೆ ನಾಳೆ ಬೆಳಿಗ್ಗೆ ರೌಂಡ್ಸಲ್ಲಿ ಕಾಣತ್ತೆ, ಇವತ್ತು ಕೇಳಿದ ಪ್ರಶ್ನೆಗೆ ಉತ್ತರ ಬರೋ ಹೊತ್ತಿಗೆ ನಿಮ್ ರೆಸಿಡೆಂಟ್‌ಗಳೇ ಪ್ರೊಫೆಸರ್ ಆಗಿರ್ತಾರೆ. ಅದಕ್ಕೆ ತಾಳ್ಮೆ ಇದ್ಯಾ ಅಂತ ನೋಡ್ಕೊಳಿ, ಕೈ ವಿಷಯ ಆಮೇಲೆ.

ಅಂದಂಗೆ ಉತ್ತರ ಯಾವಾಗ್ಲೂ "ಕಮ್ಮಿ ಕೊಯ್ಯಿ" ಅಂತಾನೇ ಬರತ್ತೆ ಅಂದ್ಕೋಬೇಡಿ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಅನಿಲ್ ಡಿಕ್ರೂಜ್ ತಂಡ ಬಾಯಿ ಕ್ಯಾನ್ಸರ್‌ನ ಆರಂಭದ ಹಂತದಲ್ಲಿ ಕುತ್ತಿಗೆ ನೋಡ್‌ಗಳನ್ನ ಮೊದಲೇ ತೆಗೀಬೇಕಾ, ಇಲ್ಲ ಅಲ್ಲಿ ಗಂಟು ಕಂಡ್ಮೇಲೆ ತೆಗೆದ್ರೆ ಸಾಕಾ ಅಂತ ನೋಡಿದ್ರು. 2015ರಲ್ಲಿ ಬಂತು: ಮೂರು ವರ್ಷಕ್ಕೆ ಬದುಕಿದ್ದವ್ರು ಮೊದಲೇ ತೆಗೆದ ಗುಂಪಲ್ಲಿ 80%, ಕಾದವ್ರಲ್ಲಿ 67.5%. ಇದು ಮಾತ್ರೆ ಅಲ್ಲ, ಜೀನ್ ಅಲ್ಲ, ಪ್ರತಿ ಹೆಡ್ ಅಂಡ್ ನೆಕ್ ಯೂನಿಟ್‌ನಲ್ಲೂ ದಿನಾ ಜಗಳ ಆಗ್ತಿದ್ದ ವಿಷಯ.

ಹೊರಗೆ_ಬಂದವ:
ಗುರು, ನಾನು ಆ ಕಡೆ ಇದ್ದು ಈ ಕಡೆ ಬಂದವ್ನು, ಹಳೇ ರಿಟ್ರಾಕ್ಟರ್ ಸರ್ ಹೇಳಿದ್ದೆಲ್ಲ ನಿಜಾನೇ ಆದ್ರೆ ಅವ್ರು ಹೇಳ್ತಿರೋದು ಫಿಷರ್ ಕಥೆ, ನೂರಕ್ಕೆ ತೊಂಬತ್ತು ಜನರ ಕಥೆ ಅದಲ್ಲ. ಪ್ರಮೋಷನ್‌ಗೆ ಇಷ್ಟು ಪೇಪರ್ ಅಂತ ಲೆಕ್ಕ ಇರತ್ತೆ, ಆ ಲೆಕ್ಕ ತುಂಬಿಸೋಕೆ ಹಳೇ ಫೈಲ್ ಕೆದಕಿ "ನಮ್ಮ ಕೇಂದ್ರದ ಅನುಭವ" ಅಂತ ಒಂದು ಬರೀತಾರೆ, ಅದನ್ನ ಬರೆದವ್ರೂ ಮತ್ತೆ ಓದಲ್ಲ. ರಾತ್ರಿ ಓಟಿಯಿಂದ ಬಂದು ಗ್ರಾಂಟ್ ಅರ್ಜಿ ತುಂಬ್ತಾ ಕೂತಿರ್ತೀವಿ, ಮನೇಲಿ ಮಕ್ಳು ಮಲಗಿರ್ತಾರೆ. ಇದನ್ನ ಯಾರೂ ಮೊದ್ಲೇ ಹೇಳಲ್ಲ.

ಕೈ ವಿಷಯಕ್ಕೆ ಬಂದ್ರೆ ನಿನ್ ಸೀನಿಯರ್ ಮಾತಲ್ಲಿ ಅರ್ಧ ಸತ್ಯ ಇದೆ. ಬರ್ಕ್‌ಮೇಯರ್ ಅನ್ನೋ ಸರ್ಜನ್ ತಂಡ 2002ರಲ್ಲಿ ಅಮೆರಿಕದ ಮೆಡಿಕೇರ್ (ವಯಸ್ಸಾದವ್ರ ಸರ್ಕಾರಿ ವಿಮೆ) ಲೆಕ್ಕ ತೆಗೆದು ತೋರಿಸಿದ್ರು, ಪ್ಯಾಂಕ್ರಿಯಾಸ್ ಆಪರೇಷನ್ ಆದ್ಮೇಲೆ ಸಾವು ತೀರಾ ಕಮ್ಮಿ ಕೇಸ್ ಮಾಡೋ ಆಸ್ಪತ್ರೆಗಳಲ್ಲಿ 16.3%, ತುಂಬಾ ಮಾಡೋ ಕಡೆ 3.8%. ಅಂದ್ರೆ ಕೇಸ್ ಎಷ್ಟು ಬರತ್ತೆ ಅನ್ನೋದು ದೊಡ್ಡ ವಿಷಯ. ಆದ್ರೆ ಹೊರಗಡೆ ಹೋದ ತಕ್ಷಣ ದಿನಾ ವಿಪಲ್ (ಪ್ಯಾಂಕ್ರಿಯಾಸ್‌ನ ದೊಡ್ಡ ಆಪರೇಷನ್) ಸಿಗತ್ತೆ ಅಂತ ಯಾರು ಹೇಳಿದ್ದು? ನಂಗೆ ಮೊದಮೊದಲು ಸಿಕ್ಕಿದ್ದು ಕೀಮೋ ಪೋರ್ಟ್ (ಔಷಧಿ ಕೊಡೋಕೆ ಚರ್ಮದಡಿ ಇಡೋ ಸಣ್ಣ ಸಾಧನ) ಮತ್ತೆ ಬಯಾಪ್ಸಿ. ಕಾಂಪ್ಲೆಕ್ಸ್ ಕೇಸ್ ಗುಡ್ಡೆ ಬೀಳೋದು ದೊಡ್ಡ ಟೀಚಿಂಗ್ ಆಸ್ಪತ್ರೆಗಳಲ್ಲೇ ಜಾಸ್ತಿ, ಸೋ ಕಟ್ಟಡದ ಹೆಸರು ನೋಡ್ಬೇಡ, ನೀನು ಆರಿಸಿಕೊಳ್ಳೋ ಅಂಗದ ಕೇಸ್ ವರ್ಷಕ್ಕೆ ಅಲ್ಲಿ ಎಷ್ಟಾಗತ್ತೆ, ಅದ್ರಲ್ಲಿ ಜೂನಿಯರ್ ಕನ್ಸಲ್ಟೆಂಟ್ ಪಾಲು ಎಷ್ಟು ಅಂತ ಕೇಳು. ಉತ್ತರ ಕೊಡದೆ ತಡವರಿಸಿದ್ರೆ ಅದೇ ಉತ್ತರ.

ಸ್ಲೈಡ್_ನೋಡೋಳು:
ನಾನು ಪೆಥಾಲಜಿ, ನೀವು ತೆಗೆದು ಕಳಿಸಿದ್ದನ್ನ ಪರೀಕ್ಷೆ ಮಾಡೋಳು, ಸರ್ಜನ್‌ಗಳ ಕೈ ಹೇಗಿದೆ ಅಂತ ನಿಮಗಿಂತ ಚೆನ್ನಾಗಿ ನಮಗೆ ಗೊತ್ತಿರತ್ತೆ ಅಂತ ಹೇಳಿದ್ರೆ ಬೇಜಾರಾಗ್ಬೇಡಿ. ಡಬ್ಬ ತೆಗೆದ ಕೂಡಲೇ ಗೊತ್ತಾಗತ್ತೆ. ಒಬ್ರು ಕಳಿಸೋ ಲಂಪೆಕ್ಟಮಿ (ಸ್ತನದ ಗಂಟಷ್ಟೇ ತೆಗೆಯೋ ಆಪರೇಷನ್) ಪೀಸ್‌ನಲ್ಲಿ ಮೇಲ್ಭಾಗಕ್ಕೆ ಗಿಡ್ಡ ದಾರ, ಹೊರಪಕ್ಕಕ್ಕೆ ಉದ್ದ ದಾರ ನೀಟಾಗಿ ಹಾಕಿರತ್ತೆ, ನಾವು ಒಂದೊಂದು ಮುಖಕ್ಕೆ ಒಂದೊಂದು ಬಣ್ಣದ ಇಂಕ್ ಹಚ್ಚಿ ಯಾವ ಅಂಚಲ್ಲಿ ಗಡ್ಡೆ ತಾಗಿದೆ ಅಂತ ಹೇಳ್ಬೋದು, ಮತ್ತೆ ಒಳಗೆ ಹೋಗ್ಬೇಕಾದ್ರೆ ಆ ಒಂದು ಕಡೆ ಮಾತ್ರ ಹೋದ್ರೆ ಆಯ್ತು. ಇನ್ನೊಬ್ರದು ದಾರಾನೂ ಇಲ್ಲ ದಿಕ್ಕೂ ಇಲ್ಲ, ಫಾರ್ಮಲಿನ್‌ನಲ್ಲಿ ತೇಲ್ತಿರೋ ಒಂದು ಉಂಡೆ, ಫಾರಂ ಮೇಲೆ "ಬ್ರೆಸ್ಟ್ ಟಿಶ್ಯೂ" ಅಂತ ಎರಡೇ ಪದ, ಅಂಚಲ್ಲಿ ಕ್ಯಾನ್ಸರ್ ಇದೆ ಅಂತ ನಾನು ಬರೆದ್ರೂ ಯಾವ ಕಡೆ ಅಂತ ದೇವರೇ ಹೇಳ್ಬೇಕು.

ಮೊದಲನೇ ಥರದವ್ರು ನಾವು ಪೀಸ್ ಕೊಯ್ದು ನೋಡೋ ಗ್ರಾಸಿಂಗ್ ರೂಮಿಗೇ ಬಂದು ನಿಂತ್ಕೊಂಡು "ತೋರ್ಸಿ ಮೇಡಂ" ಅಂತಾರೆ. ನನ್ ಲೆಕ್ಕದಲ್ಲಿ ಅಕಾಡೆಮಿಕ್ ಸರ್ಜನ್ ಅಂದ್ರೆ ಅವ್ರು, ಬೋರ್ಡಲ್ಲಿ ಪ್ರೊಫೆಸರ್ ಅಂತ ಇರ್ಲಿ ಬಿಡ್ಲಿ. ರೆಕ್ಟಲ್ (ಗುದನಾಳದ) ಕ್ಯಾನ್ಸರ್ ಆಪರೇಷನ್‌ನ ಇಡೀ ಜಗತ್ತಲ್ಲಿ ಬದಲಾಯಿಸಿದ ಬಿಲ್ ಹೀಲ್ಡ್ ಕೆಲಸ ಮಾಡ್ತಿದ್ದಿದ್ದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಅನ್ನೋ ಊರಿನ ಜಿಲ್ಲಾ ಆಸ್ಪತ್ರೇಲಿ, ಹೆಸರಾಂತ ಯೂನಿವರ್ಸಿಟಿ ಏನಲ್ಲ. 1982ರಲ್ಲಿ ಅವ್ರು ಹೇಳಿದ್ದು, ರೆಕ್ಟಮ್ ಸುತ್ತ ಇರೋ ಕೊಬ್ಬಿನ ಹೊದಿಕೆ ಅಂದ್ರೆ ಮೀಸೋರೆಕ್ಟಮ್ ಅದರ ಪದರದ ಸಮೇತ ಇಡಿಯಾಗಿ ಬರ್ಬೇಕು, ಕೈ ಹಾಕಿ ಕಿತ್ಕೊಂಡು ಬರೋದಲ್ಲ ಅಂತ. ಅದಕ್ಕೆ ಪುರಾವೆ ಕೊಟ್ಟಿದ್ದು ನಮ್ ಪೆಥಾಲಜಿಯೋರು: ಲೀಡ್ಸ್‌ನ ಫಿಲ್ ಕ್ವರ್ಕ್ 1986ರಲ್ಲಿ ಪೀಸ್‌ನ ಅಡ್ಡಡ್ಡ ಸೀಳಿ ನೋಡಿ, ಸುತ್ತಲಿನ ಅಂಚಲ್ಲಿ ಗಡ್ಡೆ ಉಳಿದವ್ರಲ್ಲೇ ಅಲ್ಲಿ ಮತ್ತೆ ಬರೋದು ಜಾಸ್ತಿ ಅಂತ ತೋರಿಸಿದ್ರು. ಈಗ ಎಷ್ಟೋ ಕಡೆ ಪೀಸ್ ಫೋಟೋ ತೆಗೆದು ಹೊದಿಕೆ ಪೂರ್ತಿ ಇದ್ಯಾ, ಹರಿದಿದ್ಯಾ ಅಂತ ಗ್ರೇಡ್ ಕೊಡ್ತೀವಿ. ಸರ್ಜನ್‌ಗೆ ಮಾರ್ಕ್ಸ್ ಹಾಕೋ ಭಾಗ್ಯ ನಮ್ದು 😄

ಫೈಲ್_ರೂಮ್:
ಟ್ರಯಲ್ ಆಫೀಸಲ್ಲಿ ಕೆಲಸ ಮಾಡ್ತೀನಿ, ಡಾಕ್ಟರ್ ಅಲ್ಲ. ಸರ್ಜರಿ ಟ್ರಯಲ್ ಕಷ್ಟ ಯಾಕಂದ್ರೆ ಎರಡು ಮಾತ್ರೇಲಿ ಯಾವ್ದು ಅಂತ ಗೊತ್ತಿಲ್ದೆ ಕೊಡ್ಬೋದು, ಸ್ತನ ತೆಗೀತೀವೋ ಉಳಿಸ್ತೀವೋ ಅನ್ನೋದನ್ನ ಮುಚ್ಚಿಡೋಕಾಗಲ್ಲ. ಫಿಷರ್‌ಗೂ ಬಿ-06ಗೆ ಜನ ಸೇರಿಸೋದು ಎಷ್ಟು ಕಷ್ಟ ಆಯ್ತು ಅಂದ್ರೆ ಮಧ್ಯದಲ್ಲಿ ಪದ್ಧತಿ ಬದಲಾಯಿಸಿ, ಯಾವ ಗುಂಪು ಅಂತ ಮೊದಲು ಚೀಟಿ ಎತ್ತಿ, ಆಮೇಲೆ ಒಪ್ಪಿಗೆ ಕೇಳೋ ಹಾಗೆ ಮಾಡಿದ್ರು. "ನಂಗೂ ಯಾವ್ದು ಒಳ್ಳೇದು ಅಂತ ಗೊತ್ತಿಲ್ಲಮ್ಮ" ಅಂತ ಪೇಷೆಂಟ್ ಮುಖ ನೋಡಿ ಹೇಳೋದು ಸರ್ಜನ್‌ಗಳಿಗೆ ಬಾಯಲ್ಲಿ ಬರಲ್ಲ, ನಾನು ಕನ್ಸೆಂಟ್ ಹೊತ್ತಲ್ಲಿ ಪಕ್ಕದಲ್ಲೇ ಕೂತಿರ್ತೀನಿ, ಸ್ವರದಲ್ಲೇ ಗೊತ್ತಾಗ್ಬಿಡತ್ತೆ ಅವ್ರ ಮನಸ್ಸು ಯಾವ ಕಡೆ ಇದೆ ಅಂತ, ಪೇಷೆಂಟ್‌ಗೂ ಗೊತ್ತಾಗತ್ತೆ.

ಮನಸ್ಸು ಸರಿ ಇತ್ತಾ ಅಂದ್ರೆ ಅದೂ ಗ್ಯಾರಂಟಿ ಇಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಸಣ್ಣ ತೂತಿಂದ ಮಾಡೋ ಕೀಹೋಲ್, ರೋಬೋಟ್ ಅಂತ ಎಲ್ರೂ ಹೊರಳಿದ್ದಾಗ ಎಲ್‌ಎಸಿಸಿ ಅನ್ನೋ ಟ್ರಯಲ್ 2018ರಲ್ಲಿ ಬಂತು, ನಾಲ್ಕೂವರೆ ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವ್ರು ಹೊಟ್ಟೆ ತೆರೆದು ಮಾಡಿದವ್ರಲ್ಲಿ 96.5%, ಕೀಹೋಲ್‌ನಲ್ಲಿ 86%. ಯಾರೂ ನಿರೀಕ್ಷೆ ಮಾಡಿರ್ಲಿಲ್ಲ.

ಇನ್ನೊಂದು ಹೇಳ್ಬೇಕು. ದೊಡ್ಡ ಟ್ರಯಲ್ ನಡೆಸೋವ್ರು ನೂರಾರು ಬೇರೆ ಕೈಗಳ ಡೇಟಾ ನಂಬಿರ್ತಾರೆ. ಒಂದು ಸೆಂಟರ್‌ನವ್ರು ಎಂಟ್ರಿ ತಿದ್ದಿದ್ದಕ್ಕೆ ಎದ್ದ ಗಲಾಟೇಲಿ 1994ರಲ್ಲಿ ಫಿಷರ್‌ನ ಆ ಟ್ರಯಲ್ ಗುಂಪಿನ ಮುಖ್ಯಸ್ಥ ಸ್ಥಾನದಿಂದ ಇಳಿಸಿದ್ರು, 1997ರಲ್ಲಿ ಅವ್ರ ಯೂನಿವರ್ಸಿಟಿನೇ ಕ್ಷಮೆ ಕೇಳ್ತು. ಆ ಸೆಂಟರ್ ಬಿಟ್ಟು ಲೆಕ್ಕ ಮತ್ತೆ ಹಾಕಿದ್ರೂ ಉತ್ತರ ಬದಲಾಗ್ಲಿಲ್ಲ. ಆದ್ರೂ ಆ ಮೂರು ವರ್ಷ ಆ ಮನುಷ್ಯ ಅನುಭವಿಸಿದ್ದು ಯಾರಿಗೂ ಬೇಡ.

ಮಧ್ಯರಾತ್ರಿ_ರೌಂಡ್ಸ್:
ಇಷ್ಟೆಲ್ಲಾ ಬರ್ದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಮೇಡಂ, ಆ ದಾರದ ವಿಷಯ ಓದಿ ನಾಳೆ ಫಾರಂ ನಾನೇ ತುಂಬ್ತೀನಿ ಅಂದ್ಕೊಂಡೆ. ರಿಟ್ರಾಕ್ಟರ್ ಸರ್, ಲ್ಯಾಬ್ ಪಿಎಚ್‌ಡಿ ಬಗ್ಗೆ ಹೇಳ್ಲಿಲ್ಲ, ಮತ್ತೆ ಟೇಬಲ್ ಆ ಕಡೆ ನಿಲ್ಲೋದ್ರ ಬಗ್ಗೆನೂ.

ಹಳೇ_ರಿಟ್ರಾಕ್ಟರ್:
ಲ್ಯಾಬ್ ಇಷ್ಟ ಇದ್ರೆ ಮಾಡಿ, ಸಿವಿಗೋಸ್ಕರ ಬೇಡ. ಚಾರ್ಲ್ಸ್ ಹಗಿನ್ಸ್ ಯೂರಾಲಜಿಸ್ಟು, ಪ್ರಾಸ್ಟೇಟ್ ಕ್ಯಾನ್ಸರ್ ಹಾರ್ಮೋನ್ ಮಾತು ಕೇಳತ್ತೆ ಅಂತ 1941ರಲ್ಲಿ ತೋರಿಸಿ 1966ರಲ್ಲಿ ನೊಬೆಲ್ ತಗೊಂಡ್ರು, ಆ ಥರ ಎರಡೂ ಕಡೆ ಕಾಲಿಟ್ಟು ನಿಲ್ಲೋವ್ರು ಈಗ ಕಮ್ಮಿ, ಎರಡೂ ಅಷ್ಟು ಬೆಳೆದುಬಿಟ್ಟಿವೆ. ಟ್ರಯಲ್ ಕಡೆ ಹೋಗೋದಾದ್ರೆ ಬಯೋಸ್ಟಾಟಿಸ್ಟಿಕ್ಸ್ (ವೈದ್ಯಕೀಯ ಅಂಕಿಅಂಶದ ಲೆಕ್ಕ) ಗಟ್ಟಿಯಾಗಿ ಕಲೀರಿ, ಅದು ಜೀವನಪೂರ್ತಿ ಕೆಲಸಕ್ಕೆ ಬರತ್ತೆ.

ಆ ಕಡೆ ನಿಲ್ಲೋದು... ನಿಮ್ ಪ್ರೊಫೆಸರ್ ಎಡಗೈ ನೋಡಿ ಸ್ವಲ್ಪ. ನೀವು ಕಾಟರಿ (ಸುಟ್ಟು ಕೊಯ್ಯೋ ಉಪಕರಣ) ಹಿಡ್ಕೊಂಡು ನಾನೇ ಮಾಡ್ತಿದ್ದೀನಿ ಅಂದ್ಕೊಂಡಿರ್ತೀರ, ಅವ್ರು ಟಿಶ್ಯೂನ ಸರಿಯಾದ ಕಡೆ ಎಳೆದು ಹಿಡಿದು ಪ್ಲೇನ್ (ಪದರಗಳ ನಡುವಿನ ಸಂದು) ತೆರೆದು ಕೊಟ್ಟಿರ್ತಾರೆ, ನಿಮ್ಗೆ ಬೇರೆ ಎಲ್ಲೂ ಕೊಯ್ಯೋಕೆ ಜಾಗಾನೇ ಇರಲ್ಲ. ಕತ್ರಿ ಕಿತ್ಕೊಂಡು ತಾವೇ ಮಾಡಿದ್ರೆ ಅರ್ಧ ಹೊತ್ತಲ್ಲಿ ಮುಗೀತಿತ್ತು. ರಕ್ತ ಬಂದಾಗ ಸುಮ್ನೆ ಬೆರಳು ಒತ್ತಿ ಹಿಡ್ಕೊಂಡು "ಈಗ ಏನ್ ಮಾಡ್ತೀಯ" ಅಂತ ಕೇಳೋದಕ್ಕೆ ತಾವೇ ಹೊಲಿಗೆ ಹಾಕೋದಕ್ಕಿಂತ ಗಟ್ಟಿ ಕೈ ಬೇಕು. ಸ್ವಂತ ಕೇಸ್ ಸಂಖ್ಯೆ ಇಳಿಯತ್ತೆ ಅನ್ನೋದು ಮಾತ್ರ ನಿಜ, ಮುಚ್ಚಿಡಲ್ಲ. ಅದಕ್ಕೇ ಮೊದಲ ಹತ್ತು ವರ್ಷ ಕಮಿಟಿ ಗಿಮಿಟಿ ಅಂದ್ರೆ ನಯವಾಗಿ ತಪ್ಪಿಸ್ಕೊಂಡು ಓಟಿ ದಿನ ಬಿಟ್ಕೊಡ್ಬೇಡಿ.

ಹೊರಗೆ_ಬಂದವ:
ಕಮಿಟಿ ತಪ್ಪಿಸ್ಕೊಳ್ಳೋದಂತೆ. ಸರ್, ಆ ವಿದ್ಯೆ ಗೊತ್ತಿದ್ದಿದ್ರೆ ನಾನು ಅಲ್ಲೇ ಇರ್ತಿದ್ದೆ.

ಮಧ್ಯರಾತ್ರಿ_ರೌಂಡ್ಸ್:
😂 ಸರಿ, ಫೈಲ್ ರೂಮ್ ಅವ್ರಿಗೆ ಒಂದು ಪ್ರಶ್ನೆ. ಈಗಿಂದಾನೇ ನಮ್ ಯೂನಿಟ್ ಕೇಸ್‌ಗಳ್ದು ಶೀಟ್ ಇಡೋಣ ಅಂತ, ಕಾಲಂ ಏನೇನು ಇರ್ಬೇಕು?

ಫೈಲ್_ರೂಮ್:
ಮೊದ್ಲು ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಳಿ, ಶೀಟಲ್ಲಿ ಪೇಷೆಂಟ್ ಹೆಸರು ಬೇಡ, ಕೋಡ್ ನಂಬರ್ ಸಾಕು. ಆಪರೇಷನ್‌ಗೆ ಮುಂಚಿನ ಸ್ಟೇಜ್, ಆಪರೇಷನ್ ದಿನಾಂಕ, ಮಾರ್ಜಿನ್ (ಅಂಚಲ್ಲಿ ಗಡ್ಡೆ ಇತ್ತಾ), ನೋಡ್ ಎಷ್ಟು ಸಿಕ್ತು ಅದ್ರಲ್ಲಿ ಎಷ್ಟು ಪಾಸಿಟಿವ್, ಮೂವತ್ತು ದಿನದೊಳಗಿನ ತೊಂದರೆಗಳು ಕ್ಲೇವಿಯನ್-ಡಿಂಡೊ ಗ್ರೇಡ್ (ತೊಂದರೆ ಎಷ್ಟು ತೀವ್ರ ಅನ್ನೋ ಅಳತೆ) ಪ್ರಕಾರ, ಕೊನೇ ಸಲ ನೋಡಿದ ದಿನಾಂಕ, ಆಗ ಕಾಯಿಲೆ ಇತ್ತಾ ಇಲ್ವಾ. ಕೊನೇ ಎರಡು ಕಾಲಂ ಎಲ್ರೂ ಖಾಲಿ ಬಿಡ್ತಾರೆ, ಅವೆರಡು ಇಲ್ದೆ ಮಿಕ್ಕಿದ್ದೆಲ್ಲ ವೇಸ್ಟ್. ಕೇಸ್‌ಶೀಟಲ್ಲಿ ಪ್ರತಿಯೊಬ್ರದ್ದೂ ಇನ್ನೊಂದು ಫೋನ್ ನಂಬರ್, ಮನೆಯವ್ರದ್ದು, ಬರೆಸ್ಕೊಳಿ, ಐದು ವರ್ಷದಲ್ಲಿ ಮೊದಲನೇ ನಂಬರ್ ಹೋಗಿರತ್ತೆ. ಮತ್ತೆ ದಯವಿಟ್ಟು, ದಿನಾಂಕ ಎಲ್ಲಾ ಒಂದೇ ಥರ ಹಾಕಿ, ಒಂದು ಕಡೆ ತಿಂಗಳು ಮುಂದೆ ಇನ್ನೊಂದು ಕಡೆ ತಾರೀಖು ಮುಂದೆ ಹಾಕಿದ ಶೀಟ್ ನನ್ ಹತ್ರ ಬಂದ್ರೆ ಹಾಗೇ ವಾಪಸ್ ಕಳಿಸ್ತೀನಿ.