ಹಳೇ ಜೀಪ್ ಪಿಕಪ್: ಬ್ಲೇಡ್ ಸೆಟ್ ಪೂರ್ತಿ ಬದಲಿಸಬೇಕಾ, ಬುಷ್-ಶ್ಯಾಕಲ್ ಸಾಕಾ?

ಪ್ರಶ್ನೆ (ಶ್ರೀನಿವಾಸಪುರದಿಂದ):
ಅಣ್ಣಾ ನಮಸ್ತೆ. ನಮ್ಮಪ್ಪನ ಕಾಲದ ಜೀಪ್ ಇದೆ. ಹಿಂದೆ ತೊಟ್ಟಿ ಕಟ್ಟಿಸಿ ಪಿಕಪ್ ಮಾಡಿಕೊಂಡಿದ್ದೇವೆ. ಕೋಲಾರದ ಮಂಡಿಗೆ ಟೊಮೆಟೊ ಅದರಲ್ಲೇ ಹೋಗುವುದು. ಹದಿನೈದು ದಿನದಿಂದ ಗುಂಡಿಗೆ ಇಳಿದಾಗಲೆಲ್ಲ ಹಿಂದಿನ ಎಡಗಡೆ ‘ಟಣ್’ ಅಂತ ಶಬ್ದ. ಖಾಲಿ ಬರುವಾಗ ಜಾಸ್ತಿ, ಲೋಡ್ ಇದ್ದರೆ ಕಡಿಮೆ. ಗ್ಯಾರೇಜಿನಲ್ಲಿ ತೋರಿಸಿದರೆ ಎರಡೂ ಕಡೆ ಬ್ಲೇಡ್ ಸೆಟ್ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ ಕಟ್ಟು) ಹೊಸದು ಹಾಕಿಸಿ ಅಂದರು. ಬ್ಲೇಡ್ ಒಂದೂ ಮುರಿದಿಲ್ಲ. ಸುಮ್ನೆ ಖರ್ಚು ಅಲ್ವಾ?

ಉತ್ತರ:
ಖಾಲಿ ಇದ್ದಾಗ ಜಾಸ್ತಿ ಅಂದಿರಿ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಬ್ಲೇಡಿನ ತುದಿಯ ಕಣ್ಣಿನೊಳಗೆ, ಪಿನ್ನಿನ ಸುತ್ತ ಕೂರುವ ಕೊಳವೆಯೇ ಬುಷ್. ಭಾರ ಇದ್ದರೆ ಸವೆದ ಬುಷ್ ಒಂದೇ ಕಡೆ ಒತ್ತಿಕೊಂಡು ಕೂತಿರುತ್ತದೆ. ಖಾಲಿ ಗಾಡಿ ಕುಣಿದಾಗ ಪಿನ್ನು ಆ ತೂತಿನೊಳಗೆ ಮೇಲೂ ಕೆಳಗೂ ಹೊಡೆಯುತ್ತದೆ. ನಿಮಗೆ ಕೇಳಿಸುತ್ತಿರುವುದು ಅದೇ ಇರಬೇಕು.

ದುಡ್ಡು ಬಿಚ್ಚುವ ಮೊದಲು ಗಾಡಿ ಕೆಳಗೆ ಒಮ್ಮೆ ಮಲಗಿ. ಚಾಸಿಗೆ ಜಾಕಿ ಕೊಟ್ಟು ಎತ್ತಿ, ಗಟ್ಟಿ ಸ್ಟ್ಯಾಂಡ್ ಇಡಿ. ಜಾಕಿ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಇಟ್ಟಿಗೆ ಜೋಡಿಸಿಯೂ ಬೇಡ. ಬ್ಲೇಡಿನ ಕಣ್ಣಿಗೂ ಅದನ್ನು ಚಾಸಿಗೆ ಜೋಡಿಸುವ ತೂಗುಕೊಂಡಿ ಶ್ಯಾಕಲ್‌ಗೂ ನಡುವೆ ಟೈರ್ ಲಿವರ್ ತೂರಿಸಿ ಮೇಲಕ್ಕೆ ಮೀಟಿ. ಲೊಟಲೊಟ ಆಡಿದರೆ ಬುಷ್ ಹೋಗಿದೆ. ಮುಂದಿನ ತುದಿಯ ಪಿನ್ನನ್ನೂ ಹಾಗೇ ನೋಡಿ. ಎಲ್ಲರೂ ಶ್ಯಾಕಲ್ ನೋಡಿ ಎದ್ದುಬಿಡುತ್ತಾರೆ, ಆ ತುದಿಯನ್ನು ಕೇಳುವವರೇ ಇಲ್ಲ.

ಆಮೇಲೆ ಬ್ಲೇಡ್ ಹೌಸಿಂಗ್ (ಹಿಂದಿನ ಎರಡು ಚಕ್ರ ಸೇರಿಸುವ ಆಕ್ಸಲ್‌ನ ಕವಚ) ಮೇಲೆ ಕೂರುವ ಜಾಗ. ಅಲ್ಲಿ ಕೆಂಪು ಪುಡಿ ಅಥವಾ ಉಜ್ಜಿ ಹೊಳೆಯುವ ಕಬ್ಬಿಣ ಕಂಡರೆ ಬ್ಲೇಡನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲ. ಹಾಗೇ ಟೇಪ್ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಅಳೆಯಿರಿ. ಸ್ಟೇರಿಂಗ್ ನೇರ ಇರಬೇಕು. ಒಂದು ಕಡೆ ಕಡಿಮೆ ಬಂದರೆ ಬ್ಲೇಡುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ ಜರುಗಿರಬಹುದು. ಅಂಥ ಗಾಡಿ ಹಿಂದಿನಿಂದ ನೋಡಿದರೆ ಏಡಿಯ ಹಾಗೆ ವಾರೆಯಾಗಿ ಓಡುತ್ತದೆ. ಅದನ್ನು ಮಾತ್ರ ಓಡಿಸಬೇಡಿ.

ಬ್ಲೇಡುಗಳಲ್ಲಿ ಬಿರುಕಿಲ್ಲ, ಎರಡೂ ಕಡೆ ಎತ್ತರ ಸಮ ಇದೆ ಅಂದರೆ ಅದೇ ಸೆಟ್ ಇರಲಿ.

ಪ್ರಶ್ನೆ (ಶ್ರೀನಿವಾಸಪುರ):
ನೋಡಿದೆ ಅಣ್ಣಾ. ಅಳತೆ ಎರಡೂ ಕಡೆ ಒಂದೇ. ಶ್ಯಾಕಲ್ ಬುಷ್‌ನ ರಬ್ಬರ್ ಒಂದು ಕಡೆ ಪೂರ್ತಿ ಹೋಗಿ, ತೂತು ಮೊಟ್ಟೆ ಆಕಾರ ಆಗಿದೆ. ಆದರೆ ಬೋಲ್ಟ್ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಗ್ಯಾಸ್ ಕಟ್ಟರ್ ಹಿಡಿಸಲಾ?

ಉತ್ತರ:
ಬ್ಲೇಡಿನ ಕಣ್ಣಿನ ಹತ್ತಿರ ಬೆಂಕಿ ಬೇಡವೇ ಬೇಡ. ಸ್ಪ್ರಿಂಗ್ ಉಕ್ಕಿಗೆ ಕೊಟ್ಟಿರುವ ಹದ ಕಾವಿಗೆ ಹೋಗುತ್ತದೆ. ಇವತ್ತು ಬೋಲ್ಟ್ ಸುಲಭವಾಗಿ ಬರುತ್ತದೆ, ಆಮೇಲೆ ಒಂದು ದಿನ ಮೈನ್ ಬ್ಲೇಡೇ ಕಣ್ಣಿನ ಹತ್ತಿರ ಮುರಿಯುತ್ತದೆ. ವೆಲ್ಡಿಂಗೂ ಅಷ್ಟೇ. ತುಕ್ಕು ಬಿಡಿಸುವ ಎಣ್ಣೆ ರಾತ್ರಿಯೇ ಹೊಡೆದಿಡಿ, ಬೆಳಿಗ್ಗೆ ಇನ್ನೊಮ್ಮೆ. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗಿ ಬಿಟ್ಟು ಸುತ್ತಿಗೆಯಿಂದ ತಟ್ಟಿ, ತ್ರೆಡ್ ಹಾಳಾಗುವುದಿಲ್ಲ. ಆಗಲೂ ಬಾರದಿದ್ದರೆ ಶ್ಯಾಕಲ್ ಪಟ್ಟಿಗೂ ಕಣ್ಣಿಗೂ ನಡುವಿನ ಸಂದಿನಲ್ಲಿ ಹ್ಯಾಕ್ಸಾ ಬ್ಲೇಡ್ ಹಾಕಿ ಬೋಲ್ಟನ್ನೇ ಕೊಯ್ಯಿರಿ. ಕೈ ನೋಯುತ್ತದೆ. ಹೇಗೂ ಬೋಲ್ಟ್ ಹೊಸದೇ ಹಾಕಬೇಕು. ಅಂಗಡಿಯಲ್ಲಿ ತಲೆ ಮೇಲೆ 8.8 ಅಥವಾ 10.9 ಗುರುತು ಇರುವುದನ್ನೇ ಕೇಳಿ. ಗೇಟಿಗೆ ಹಾಕುವ ಮಾಮೂಲಿ ಬೋಲ್ಟ್ ಇಲ್ಲಿ ನಡೆಯುವುದಿಲ್ಲ.

ಹಳೇ ಬುಷ್‌ನ ಕಬ್ಬಿಣದ ಕವಚ ಕಣ್ಣಿಗೆ ಕಚ್ಚಿಕೊಂಡಿದ್ದರೆ ಒಳಗಿನಿಂದ ಹ್ಯಾಕ್ಸಾದಲ್ಲಿ ಒಂದು ಗೀರು ಎಳೆದು ಉಳಿಯಿಂದ ಮಡಚಿ. ಕಣ್ಣಿಗೆ ಗೀರು ತಾಕದಂತೆ ನೋಡಿಕೊಳ್ಳಿ. ಹೊಸ ರಬ್ಬರಿಗೆ ಸೋಪಿನ ನೀರು ಹಚ್ಚಿ ವೈಸ್‌ನಲ್ಲಿ ಒತ್ತಿ. ಗ್ರೀಸ್ ಬೇಡ.

ಈಗ ಮುಖ್ಯ ಮಾತು. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಶ್ಯಾಕಲ್ ನಟ್ ಬಿಗಿದುಬಿಡುತ್ತಾರೆ. ಗಾಡಿ ಇಳಿಸಿದ ತಕ್ಷಣ ಬ್ಲೇಡ್ ಚಪ್ಪಟೆಯಾಗುತ್ತದೆ, ಶ್ಯಾಕಲ್ ತಿರುಗುತ್ತದೆ, ಒಳಗಿನ ರಬ್ಬರ್ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಆಮೇಲೆ ‘ಡೂಪ್ಲಿಕೇಟ್ ಮಾಲು, ಎರಡೇ ತಿಂಗಳಿಗೆ ಹೋಯಿತು’ ಅಂತ ಅಂಗಡಿಯವನಿಗೆ ಬೈಗುಳ. ನಟ್ಟನ್ನು ಕೈಯಲ್ಲಿ ತಿರುಗಿಸಿ ಬಿಡಿ. ಗಾಡಿಯನ್ನು ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ಒಮ್ಮೆ ಅಲ್ಲಾಡಿಸಿ, ಆಮೇಲೆ ಪೂರ್ತಿ ಬಿಗಿಯಿರಿ.

ಇನ್ನೊಬ್ಬರು (ಮುಳಬಾಗಿಲಿನಿಂದ):
ನನ್ನ ಜೀಪಿನ ಶ್ಯಾಕಲ್‌ನಲ್ಲಿ ರಬ್ಬರೇ ಇಲ್ಲ ಸಾರ್. ಯು ಆಕಾರದ ಒಂದೇ ಕಂಬಿ, ಎರಡು ತುದಿಗೂ ತ್ರೆಡ್.

ಉತ್ತರ:
ಅದು ವಿಲ್ಲೀಸ್ ಅನ್ನುವ ಮೊದಮೊದಲ ಜೀಪುಗಳ ಕಾಲದ ಪದ್ಧತಿ. ಅಲ್ಲಿ ಕಬ್ಬಿಣದ ಬುಷ್ ಕಣ್ಣಿನೊಳಗೆ ಗಟ್ಟಿಯಾಗಿ ಕೂರುತ್ತದೆ, ಆಟವೆಲ್ಲ ತ್ರೆಡ್ ಮೇಲೆಯೇ. ಅದಕ್ಕೆ ಗ್ರೀಸ್ ಬೇಕೇ ಬೇಕು, ರಬ್ಬರಿನ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಒಂದು ಎಚ್ಚರಿಕೆ: ಅದರಲ್ಲಿ ಉಲ್ಟಾ ತ್ರೆಡ್ಡಿನವೂ ಇರುತ್ತವೆ. ಬುಷ್ ತಲೆಯ ಸುತ್ತ ಗೀರು ಇದ್ದರೆ ಅದು ಉಲ್ಟಾ. ಗೊತ್ತಿಲ್ಲದೆ ಪೈಪ್ ಹಾಕಿ ಎಳೆದು ತ್ರೆಡ್ ಕಿತ್ತವರು ಬಹಳ ಜನ. ಹಾಕುವಾಗ ಮೇಲಿನದು, ಕೆಳಗಿನದು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಚಾಸಿ ಕಡೆಯದು ಒತ್ತಿಕೊಂಡು ಕೂರಬೇಕು. ಬ್ಲೇಡ್ ಕಡೆಯದರ ತಲೆಗೂ ಬ್ಲೇಡಿಗೂ ಸುಮಾರು 0.8 ಮಿಲಿಮೀಟರ್ ಸಂದು ಇರಬೇಕು, ಹ್ಯಾಕ್ಸಾ ಬ್ಲೇಡಿಗಿಂತ ಚೂರು ಜಾಸ್ತಿ.

ಇನ್ನೊಬ್ಬರು (ಮಾಲೂರಿನಿಂದ):
ನಮ್ಮ ಡ್ರೈವರ್ ವಾರಕ್ಕೊಮ್ಮೆ ಬ್ಲೇಡಿಗೆ ಹಳೇ ಇಂಜಿನ್ ಆಯಿಲ್ ಸುರಿಯುತ್ತಾನೆ. ಒಳ್ಳೆಯದಾ?

ಉತ್ತರ:
ಕಿರ್ ಕಿರ್ ನಿಲ್ಲುತ್ತದೆ, ನಿಜ. ಆದರೆ ಆಯಿಲ್ ಹರಿದು ಬುಷ್‌ಗೆ ಇಳಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಅದಕ್ಕೆ ಧೂಳು ಅಂಟಿದರೆ ಉಪ್ಪುಕಾಗದದ ಕೆಲಸ. ಸೆಟ್ ಬಿಚ್ಚಿದಾಗ ಬ್ಲೇಡುಗಳನ್ನು ಬ್ರಷ್‌ನಿಂದ ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಹಚ್ಚಿ. ಅಷ್ಟು ಸಾಕು.

ಪ್ರಶ್ನೆ (ಶ್ರೀನಿವಾಸಪುರ):
ಎರಡೂ ಕಡೆ ಬುಷ್, ಶ್ಯಾಕಲ್ ಬೋಲ್ಟ್, ಸೆಂಟರ್ ಬೋಲ್ಟ್ ಹೊಸದು ಹಾಕಿ ಆಯಿತು ಅಣ್ಣಾ. ಶಬ್ದ ನಿಂತಿದೆ. ಹಳೇ ಯು ಬೋಲ್ಟ್ ಚೆನ್ನಾಗಿಯೇ ಇತ್ತು, ಅದನ್ನೇ ಹಾಕಿದೆ. ನಾಳೆ 60 ಬಾಕ್ಸ್ ಹಾಕಲಾ?

ಉತ್ತರ:
ಅಯ್ಯೋ, ಯು ಬೋಲ್ಟ್ ಒಮ್ಮೆ ಬಿಗಿದರೆ ಜಗ್ಗಿಕೊಂಡಿರುತ್ತದೆ. ಬಿಚ್ಚಿ ಮತ್ತೆ ಹಾಕಿದರೆ ಹಿಡಿತ ಮೊದಲಿನಷ್ಟು ನಿಲ್ಲುವುದಿಲ್ಲ. ನಾಲ್ಕೂ ಹೊಸದು ತನ್ನಿ, ನಟ್ಟೂ ಹೊಸದು. ಒಂದೇ ಕಡೆ ಪೂರ್ತಿ ಬಿಗಿಯಬೇಡಿ, ಅಡ್ಡಡ್ಡಲಾಗಿ ಸುತ್ತು ಸುತ್ತು ಬನ್ನಿ. ಮೊದಲ ಲೋಡ್ ಇಳಿಸಿದ ಮೇಲೆ ಮಂಡಿಯಲ್ಲೇ ಪಾನ (ಸ್ಪ್ಯಾನರ್) ಹಾಕಿ ನೋಡಿ, ಸ್ವಲ್ಪ ತಿರುಗಿಯೇ ತಿರುಗುತ್ತದೆ. 500 ಕಿಲೋಮೀಟರ್ ಒಳಗೆ ಮತ್ತೊಮ್ಮೆ.

60 ಬಾಕ್ಸ್ ಅಂದರೆ, ಬಾಕ್ಸಿಗೆ 15 ಕೆಜಿ ಹಿಡಿದರೂ, 900 ಕೆಜಿ. ನಿಮ್ಮಪ್ಪನ ಜೀಪು ಸ್ವಾಮಿ ಅದು, ಲಾರಿಯಲ್ಲ. ಎರಡು ಟ್ರಿಪ್ ಮಾಡಿ.