ಯಾದಗಿರಿಯ ಎಸ್ಸೆಸ್ಸೆಲ್ಸಿ ಫಲಿತಾಂಶ: ಒಂದೇ ಜಿಲ್ಲೆಯ ಸರ್ಕಾರಿ ಶಾಲೆಗಳ ನಡುವೆ ಇಷ್ಟು ಅಂತರವೇಕೆ?

ಹತ್ತಿಹೊಲ: 2024ರಲ್ಲಿ ಉಡುಪಿ ಶೇ 94ರಷ್ಟು ಫಲಿತಾಂಶದೊಂದಿಗೆ ಮೊದಲ ಸ್ಥಾನ ಪಡೆದರೆ, ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನದಲ್ಲಿ ಉಳಿಯಿತು. ಆದರೂ ನಮ್ಮಲ್ಲಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಹಾಗೂ ಆದರ್ಶ ವಿದ್ಯಾಲಯಗಳು ಸಾಮಾನ್ಯವಾಗಿ ಹಳ್ಳಿಯ ಪ್ರೌಢಶಾಲೆಗಳಿಗಿಂತ ಬಹಳ ಮುಂದಿರುತ್ತವೆ. ಪಠ್ಯ ಒಂದೇ, ಹಣವೂ ಸರ್ಕಾರದ್ದೇ. ಶಿಕ್ಷಕರ ಶ್ರದ್ಧೆಯಲ್ಲದೆ ಇದಕ್ಕೆ ಬೇರೆ ಕಾರಣ ಹುಡುಕಬೇಕೇ?

ಸುರಪುರದ ಶಿಕ್ಷಕ: ಹುಡುಕಲೇಬೇಕು, ಸರ್. ಆ ಶಾಲೆಗಳು ಪ್ರವೇಶ ಪರೀಕ್ಷೆ ನಡೆಸಿ ಆರನೇ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಓದು ಬರಹ ಗಟ್ಟಿಯಾಗಿರುವವರು ಅತ್ತ ಹೋದ ಬಳಿಕ ಉಳಿದವರನ್ನು ನಾವು ಎಂಟನೇ ತರಗತಿಗೆ ಸೇರಿಸಿಕೊಳ್ಳುತ್ತೇವೆ, ಅವರಲ್ಲಿ ಒತ್ತಕ್ಷರ ಓದಲು ತಡವರಿಸುವವರೂ ಇರುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಕುಸಿಯುತ್ತದೆ. ತಂದೆತಾಯಿ ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ ಮಗುವೂ ಹೋಗುತ್ತದೆ. ವಸತಿ ಶಾಲೆಯ ಮಗುವಿಗೆ ಈ ಯಾವ ತೊಂದರೆಯೂ ಇಲ್ಲ.

ಶಹಾಪುರದ ತಾಯಿ: ನೀವು ಹೇಳುವುದು ನಿಜವೇ, ಮೇಷ್ಟ್ರೇ. ಆದರೆ ಪ್ರವೇಶ ಪರೀಕ್ಷೆಯೇ ಇಲ್ಲದ ಎರಡು ಪ್ರೌಢಶಾಲೆಗಳನ್ನು ಹೋಲಿಸಿದರೂ ಅಂತರ ಕಾಣುತ್ತದಲ್ಲ? ತಾಲ್ಲೂಕು ಕೇಂದ್ರದ ಶಾಲೆಯಲ್ಲಿ ಎಲ್ಲ ವಿಷಯಗಳಿಗೂ ಕಾಯಂ ಶಿಕ್ಷಕರಿದ್ದಾರೆ. ನನ್ನ ಮಗಳು ಓದುವ ಹಳ್ಳಿಯ ಶಾಲೆಯಲ್ಲಿ ಗಣಿತಕ್ಕೆ ಅತಿಥಿ ಶಿಕ್ಷಕರೇ ಗತಿ, ಅವರೂ ಶಾಲೆ ಆರಂಭವಾಗಿ ಎಷ್ಟೋ ವಾರಗಳಾದ ಮೇಲೆ ಬರುತ್ತಾರೆ. ಇದನ್ನು ಬಡತನದ ಲೆಕ್ಕಕ್ಕೆ ಸೇರಿಸಬೇಡಿ.

ಹಳೇಮೇಷ್ಟ್ರು: ಅಮ್ಮಾ, ನಿಮ್ಮ ಮಾತನ್ನು ಒಪ್ಪುತ್ತೇನೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಉದ್ಯೋಗದಲ್ಲಿ ಮೀಸಲಾತಿ ಸಿಕ್ಕಿದ್ದು ದೊಡ್ಡ ಗಳಿಕೆ; ಆದರೆ ಹುದ್ದೆಯನ್ನೇ ತುಂಬದಿದ್ದರೆ ಮೀಸಲಾತಿಯಿಂದ ಪಾಠ ನಡೆಯುವುದಿಲ್ಲ. ಜೊತೆಗೆ, 2023ರಲ್ಲಿ ಶೇ 75.49 ಇದ್ದ ಜಿಲ್ಲೆಯ ಫಲಿತಾಂಶ ವೆಬ್‌ಕಾಸ್ಟಿಂಗ್ (ನಕಲು ತಡೆಯಲು ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾದ ನೇರ ನಿಗಾ) ಬಂದ 2024ರಲ್ಲೇ, ಅದೂ ಶೇ 20ರವರೆಗೆ ಕೃಪಾಂಕ ಕೊಟ್ಟ ಮೇಲೂ, ಈ ಮಟ್ಟಕ್ಕೆ ಇಳಿಯಿತು. ಹಿಂದಿನ ವರ್ಷಗಳ ಅಂಕಿಯನ್ನಿಟ್ಟು ಯಾವ ಶಾಲೆ ಒಳ್ಳೆಯದೆಂದು ಅಳೆಯುವುದು ನನಗಂತೂ ಸರಿಕಾಣುವುದಿಲ್ಲ.

ಹತ್ತಿಹೊಲ: ಹಾಗಾದರೆ ಫಲಿತಾಂಶ ಕಡಿಮೆಯಾಯಿತೆಂದು ಮುಖ್ಯೋಪಾಧ್ಯಾಯರಿಗೆ ನೋಟಿಸ್ ಕೊಡುವ ಮೊದಲು, ಆ ಶಾಲೆಯಲ್ಲಿ ಗಣಿತ, ಇಂಗ್ಲಿಷ್, ವಿಜ್ಞಾನದ ಹುದ್ದೆಗಳು ಎಷ್ಟು ತಿಂಗಳು ಖಾಲಿ ಇದ್ದವು ಎಂಬುದನ್ನೂ ಫಲಿತಾಂಶದ ಪಕ್ಕದಲ್ಲೇ ಪ್ರಕಟಿಸಲಿ.

ಸುರಪುರದ ಶಿಕ್ಷಕ: ಎಂಟನೇ ತರಗತಿಗೆ ಸೇರಿದಾಗ ಮಕ್ಕಳ ಓದಿನ ಮಟ್ಟ ಹೇಗಿತ್ತು ಎಂಬುದನ್ನೂ ಸೇರಿಸಲಿ. ಆಮೇಲೆ ನೋಟಿಸ್ ಬಂದರೆ ನಾನೇ ಉತ್ತರ ಬರೆಯುತ್ತೇನೆ.